ಕಂಪ್ಯೂಟರ್ ಸಂಗೀತದಲ್ಲಿ ‘ಪಟ್’ ಎನ್ನುವ ಸದ್ದೇಕೆ?

ಮಗನಿಗೆ ಸಂಗೀತದ ಹುಚ್ಚು. ಜೊತೆಗೆ ಕಂಪ್ಯೂಟರಿನ ಹುಚ್ಚು. ಕೀಬೋರ್ಡ್ ವಾದ್ಯವನ್ನು ಕಂಪ್ಯೂಟರಿಗೆ ಜೋಡಿಸಿ, ತಾನೇ ಬರೆದ ಪ್ರೋಗ್ರಾಮಿನಿಂದ ಸ್ವರ ಹೊರಡಿಸಬೇಕೆಂಬ ಹಟ. ಕಾಲೇಜಿನಲ್ಲಿ ಕಲಿಸಿದ ಜಾವಾ ಇದೆ, ಸಿ ಪ್ಲಸ್ ಪ್ಲಸ್ ಇದೆ. ರಾತ್ರಿ ನಿದ್ದೆಗೆಟ್ಟು ಬರೆದದ್ದೂ ಆಯಿತು. ಒಂದು ಕೀ ಒತ್ತಿದರೆ ಸ್ವರ ಸೊಗಸಾಗಿಯೇ ಬರುತ್ತದೆ. ಎರಡೂ ಕೈ ಇಟ್ಟು ನುಡಿಸಲು ಹೊರಟರೆ ಮಾತ್ರ ‘ಪಟ್... ಪಟ ಪಟ...’ ಮಳೆಗಾಲದಲ್ಲಿ ಮಿಂಚು ಹೊಡೆದಾಗ ಹಳೆಯ ರೇಡಿಯೋದಲ್ಲಿ ಕೇಳುತ್ತಿದ್ದ ಅದೇ ಸದ್ದು!

‘ಈ ಕಂಪ್ಯೂಟರ್ ಹಳೆಯದಾಯಿತಪ್ಪಾ, ಇದರ ಕೈಲಿ ಆಗೋದಿಲ್ಲ’ ಎನ್ನುತ್ತಾನೆ ಮಗ. ಅಪ್ಪ ಎಲ್ಲೋ ಸಾಲ ಮಾಡಿ ಹೊಸದೊಂದು ತರುತ್ತಾರೆ. ಹೊಸ ಯಂತ್ರದಲ್ಲೂ ಪಟ ಪಟ. ಸ್ವಲ್ಪ ಕಡಿಮೆ, ಅಷ್ಟೆ.

ಇಂಥ ಮನೆಗಳು ಒಂದೆರಡಲ್ಲ. ತಪ್ಪು ಯಂತ್ರದ್ದೂ ಅಲ್ಲ, ಹುಡುಗನ ಬುದ್ಧಿಯದ್ದೂ ಅಲ್ಲ. ತರಗತಿಯಲ್ಲಿ ‘ಒಳ್ಳೆಯ ಪ್ರೋಗ್ರಾಂ ಹೀಗಿರಬೇಕು’ ಎಂದು ಕಲಿತದ್ದನ್ನು ಅವನು ಚಾಚೂ ತಪ್ಪದೆ ಪಾಲಿಸಿದ್ದಾನೆ. ವಿಚಿತ್ರವೆಂದರೆ, ತೊಂದರೆ ಶುರುವಾಗಿರುವುದು ಅಲ್ಲಿಂದಲೇ.

ಸೆಕೆಂಡಿಗೆ 44,100

ಕಂಪ್ಯೂಟರಿಗೆ ಧ್ವನಿಯೆಂದರೆ ಅಂಕೆಗಳ ಸಾಲು. ಸಿ.ಡಿ. ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ 44,100 ಅಂಕೆಗಳು ಬೇಕು. ಪ್ರತಿಯೊಂದು ಅಂಕೆಗೂ ‘ಸ್ಯಾಂಪಲ್’ ಎಂದು ಹೆಸರು. ಎರಡು ಸ್ಯಾಂಪಲ್ಲುಗಳ ನಡುವಿನ ಅಂತರ ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 23 ಭಾಗ ಮಾತ್ರ. ಇವನ್ನು ಒಂದೊಂದಾಗಿ ಕೇಳುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಆದ್ದರಿಂದ ಧ್ವನಿಯ ಯಂತ್ರಾಂಶ ‘64 ಅಂಕೆ ಕೊಡು’ ಅಥವಾ ‘256 ಕೊಡು’ ಎಂದು ಕಂತಿನಲ್ಲಿ ಕೇಳುತ್ತದೆ. ಈ ಕಂತಿಗೆ ಬಫರ್ ಎನ್ನುತ್ತಾರೆ.

64ರ ಕಂತು ಮುಗಿಯಲು ಹಿಡಿಯುವ ಕಾಲ 1.45 ಮಿಲಿಸೆಕೆಂಡ್. ಅಷ್ಟರೊಳಗೆ ಮುಂದಿನ 64 ಅಂಕೆಗಳು ಸಿದ್ಧವಾಗಿರಲೇಬೇಕು. ಆಗಲಿಲ್ಲವೋ, ಸ್ಪೀಕರಿಗೆ ಕಳಿಸಲು ಏನೂ ಇಲ್ಲ. ಅಲೆ ನಡುವೆಯೇ ಕತ್ತರಿಸಿ ಬೀಳುತ್ತದೆ. ಆ ಕತ್ತರಿಯ ಸದ್ದೇ ಈ ‘ಪಟ್’.

ಕಂತನ್ನು ದೊಡ್ಡದು ಮಾಡಿಕೊಂಡರೆ ಆಗದೇ? ಆಗುತ್ತದೆ. 1,024ರ ಕಂತು ಮಾಡಿಕೊಂಡರೆ 23 ಮಿಲಿಸೆಕೆಂಡ್ ಪುರುಸೊತ್ತು ಸಿಗುತ್ತದೆ. ಆದರೆ ಒತ್ತಿದ ಸ್ವರ ಕಿವಿಗೆ ಬೀಳುವುದೂ ಅಷ್ಟೇ ತಡ. ಗಾಳಿಯಲ್ಲಿ ಧ್ವನಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಅಂದರೆ 10 ಮಿಲಿಸೆಕೆಂಡ್ ತಡವೆಂದರೆ ಹನ್ನೊಂದು ಅಡಿ ದೂರದಲ್ಲಿ ಕುಳಿತವರ ವಾದ್ಯ ಕೇಳಿದಂತೆ. ಅದನ್ನು ಸಹಿಸಿಕೊಳ್ಳಬಹುದು. 23ಕ್ಕೆ ಹೋದರೆ ಇಪ್ಪತ್ತೈದು ಅಡಿ! ತನ್ನ ಬೆರಳಿನ ಕೆಳಗಿರುವ ಮೃದಂಗದ ಸದ್ದು ಸಭಾಂಗಣದ ಆ ಕೊನೆಯಿಂದ ಬಂದಂತಾದರೆ ಯಾವ ವಿದ್ವಾಂಸರು ತಾನೇ ಲಯ ಹಿಡಿದಾರು? ಹಾಡು ಕೇಳುವುದಕ್ಕೆ ದೊಡ್ಡ ಕಂತು ಅಡ್ಡಿಯಿಲ್ಲ. ನುಡಿಸುವುದಕ್ಕೆ ಚಿಕ್ಕದೇ ಬೇಕು.

ಮದುವೆ ಮನೆಯ ಪಂಕ್ತಿಯನ್ನು ನೆನಪಿಸಿಕೊಂಡರೆ ವಿಷಯ ಸಲೀಸಾಗಿ ಅರ್ಥವಾಗುತ್ತದೆ. ಬಡಿಸುವವನು ಎಷ್ಟು ಚುರುಕು ಎನ್ನುವುದು ಒಂದು ಮಾತು. ಎಲೆಯ ಮುಂದೆ ಕುಳಿತವರಿಗೆ ಅನ್ನ ಮುಗಿಯುವ ಮೊದಲು ಸಾರು ಬಂತೇ ಎನ್ನುವುದು ಬೇರೆ ಮಾತು. ಇಡೀ ಊಟ ಬೇಗ ಮುಗಿದರೂ, ಮಧ್ಯೆ ಒಮ್ಮೆ ಉಪ್ಪು ಮುಗಿಯಿತೆಂದು ಅಡುಗೆಯವರು ಅಂಗಡಿಗೆ ಓಡಿದರೆ ಬೀಗರು ಜೀವಮಾನವಿಡೀ ಆಡಿಕೊಳ್ಳುವುದು ಆ ಗಳಿಗೆಯನ್ನೇ. ಧ್ವನಿಯ ಪ್ರೋಗ್ರಾಮಿನಲ್ಲೂ ಸರಾಸರಿ ವೇಗಕ್ಕೆ ಬೆಲೆಯಿಲ್ಲ. ಅತ್ಯಂತ ಕೆಟ್ಟ ಗಳಿಗೆಯಲ್ಲಿ ಎಷ್ಟು ತಡವಾಯಿತು, ಅಷ್ಟೇ ಲೆಕ್ಕ.

ಟೇಪು ಹೊತ್ತು ತಂದ ಸಂಗೀತ

ಮೊದಮೊದಲಿಗೆ ಈ ಅವಸರವೇ ಇರಲಿಲ್ಲ. 1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಎಂಜಿನಿಯರ್ ಮ್ಯಾಕ್ಸ್ ಮ್ಯಾಥ್ಯೂಸ್ ‘ಮ್ಯೂಸಿಕ್’ ಎಂಬ ಪ್ರೋಗ್ರಾಂ ಬರೆದರು. ಅದರಿಂದ ಹೊರಟದ್ದು ನ್ಯೂಮನ್ ಗಟ್‌ಮನ್ ಸಂಯೋಜಿಸಿದ ಹದಿನೇಳು ಸೆಕೆಂಡುಗಳ ಒಂದು ತುಣುಕು. ಲೆಕ್ಕ ಮಾಡಿದ ಐಬಿಎಂ 704 ಯಂತ್ರ ಇದ್ದದ್ದು ನ್ಯೂಯಾರ್ಕಿನಲ್ಲಿ. ಅಂಕೆಗಳು ತುಂಬಿದ ಟೇಪನ್ನು ನ್ಯೂಜೆರ್ಸಿಯ ಪ್ರಯೋಗಾಲಯಕ್ಕೆ ಹೊತ್ತು ತಂದು, ಅಲ್ಲಿ ಬೇರೊಂದು ಉಪಕರಣಕ್ಕೆ ಹಾಕಿ ಕೇಳಬೇಕಿತ್ತು. ಲೆಕ್ಕ ಎಷ್ಟು ಹೊತ್ತು ಹಿಡಿದರೂ ‘ಪಟ್’ ಎನ್ನುವ ಪ್ರಶ್ನೆಯಿಲ್ಲ. ಅಡುಗೆಯೆಲ್ಲ ಮುಗಿದ ಮೇಲೆ ತಾನೇ ಎಲೆ ಹಾಕುವುದು!

ಅದೇ ಬೆಲ್ ಪ್ರಯೋಗಾಲಯಕ್ಕೆ 1979ರಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರುಪ್ ಎಂಬ ಡೆನ್ಮಾರ್ಕಿನ ತರುಣ ಬಂದು ಸೇರಿದ. ಇಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಉರು ಹೊಡೆಯುವ ಸಿ ಪ್ಲಸ್ ಪ್ಲಸ್ ಭಾಷೆಯ ಜನಕ ಈತನೇ. ಈ ಭಾಷೆ ಹುಟ್ಟಿದ ಕಥೆಗೂ ನಮ್ಮ ‘ಪಟ್’ಗೂ ನಂಟಿದೆ.

ಕಸ ಗುಡಿಸುವ ಹೊತ್ತು

ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳ ಮೂಲ ನಾರ್ವೆ. ಓಸ್ಲೋ ನಗರದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಊಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯುಗೋರ್ 1960ರ ದಶಕದಲ್ಲಿ ಸಿಮ್ಯುಲಾ ಭಾಷೆಯನ್ನು ರೂಪಿಸಿದರು. ಪ್ರೋಗ್ರಾಮನ್ನು ಬರಿಯ ಆಜ್ಞೆಗಳ ಪಟ್ಟಿಯಾಗಿ ಬರೆಯದೆ, ತಮ್ಮ ಗುಣ, ತಮ್ಮ ಕೆಲಸ ತಮಗೇ ಗೊತ್ತಿರುವ ‘ವಸ್ತು’ಗಳ ಸಂಸಾರವಾಗಿ ಬರೆಯುವುದು ಇದರ ಹೊಸತನ. ಸಂಗೀತಕ್ಕಂತೂ ಹೇಳಿ ಮಾಡಿಸಿದ ಕ್ರಮ. ತಂತಿ ಒಂದು ವಸ್ತು, ಶೋಧಕ ಒಂದು ವಸ್ತು, ಪ್ರತಿಧ್ವನಿ ಒಂದು ವಸ್ತು. ಒಂದಕ್ಕೊಂದು ಜೋಡಿಸಿದರೆ ವಾದ್ಯ!

ಸ್ಟ್ರೌಸ್ಟ್ರುಪ್ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮಾಡುವಾಗ ಸಿಮ್ಯುಲಾದಲ್ಲಿಯೇ ದೊಡ್ಡದೊಂದು ಪ್ರೋಗ್ರಾಂ ಬರೆದಿದ್ದ. ಬರೆಯುವಾಗ ಸುಖ, ಓಡಿಸುವಾಗ ದುಃಖ. ಅಳತೆ ಮಾಡಿ ನೋಡಿದರೆ ಯಂತ್ರದ ಸಮಯದಲ್ಲಿ ಶೇಕಡಾ 80ಕ್ಕೂ ಹೆಚ್ಚು ‘ಗಾರ್ಬೇಜ್ ಕಲೆಕ್ಷನ್’ ಎಂಬ ಕಸ ಗುಡಿಸುವ ಕೆಲಸಕ್ಕೇ ಹೋಗುತ್ತಿತ್ತು. ತಮಾಷೆಯೆಂದರೆ ಅವನ ಪ್ರೋಗ್ರಾಮಿನಲ್ಲಿ ಗುಡಿಸಲು ಕಸವೇ ಇರಲಿಲ್ಲವಂತೆ! ಕೊನೆಗೆ ಇಡೀ ಪ್ರೋಗ್ರಾಮನ್ನು ಬಿಸಿಪಿಎಲ್ ಎಂಬ ಸರಳ, ಒರಟು ಭಾಷೆಯಲ್ಲಿ ಮತ್ತೆ ಬರೆಯಬೇಕಾಯಿತು. ಸಿಮ್ಯುಲಾದ ಅಂದವೂ ಬೇಕು, ಸಿ ಭಾಷೆಯ ವೇಗವೂ ಬೇಕು ಎಂದು ಹಟ ತೊಟ್ಟು ಅವನು ಮಾಡಿದ್ದೇ ಸಿ ಪ್ಲಸ್ ಪ್ಲಸ್. ಅದಕ್ಕೆ ಆ ಹೆಸರು ಬಂದದ್ದು 1983ರಲ್ಲಿ.

ಏನಿದು ಕಸ? ಪ್ರೋಗ್ರಾಂ ಓಡುತ್ತಿರುವಾಗ ಹೊಸ ವಸ್ತುಗಳು ಹುಟ್ಟುತ್ತವೆ, ಕೆಲಸ ಮುಗಿದ ಮೇಲೆ ಮೂಲೆಗೆ ಬೀಳುತ್ತವೆ. ಅವು ಹಿಡಿದಿದ್ದ ಜಾಗವನ್ನು ಮರಳಿ ಪಡೆಯಬೇಕು. ಜಾವಾದಂಥ ಭಾಷೆಗಳಲ್ಲಿ ಈ ಚಿಂತೆ ಬರೆಯುವವನಿಗಿಲ್ಲ. ಭಾಷೆಯೇ ಆಗಾಗ ಗುಡಿಸಿಕೊಳ್ಳುತ್ತದೆ. ದೊಡ್ಡ ಅನುಕೂಲ. ಆದರೆ ಯಾವಾಗ ಗುಡಿಸಬೇಕು ಎನ್ನುವುದನ್ನು ತೀರ್ಮಾನಿಸುವುದೂ ಭಾಷೆಯೇ. ಹತ್ತು ಸೆಕೆಂಡಿಗೊಮ್ಮೆ 20 ಮಿಲಿಸೆಕೆಂಡ್ ನಿಂತು ಗುಡಿಸಿತು ಎಂದುಕೊಳ್ಳೋಣ. ಒಟ್ಟು ಕಾಲದಲ್ಲಿ ಇದು ಶೇಕಡಾ 0.2. ಬ್ಯಾಂಕಿನ ಲೆಕ್ಕದ ಪ್ರೋಗ್ರಾಮಿನಲ್ಲಿ ಯಾರ ಗಮನಕ್ಕೂ ಬಾರದು. ಧ್ವನಿಯಲ್ಲಿ? 1.45 ಮಿಲಿಸೆಕೆಂಡಿನ ಹದಿಮೂರು ಕಂತುಗಳು ಒಟ್ಟಿಗೇ ಕೈತಪ್ಪಿದವು!

ಹೊಸ ಯಂತ್ರ ಕೊಂಡರೂ ಪಟಪಟ ನಿಲ್ಲದ ಗುಟ್ಟು ಇದೇ. ಯಂತ್ರದ ವೇಗ ದುಪ್ಪಟ್ಟಾದರೂ 20 ಮಿಲಿಸೆಕೆಂಡ್ ಎನ್ನುವುದು 10 ಆದೀತು. ಕಂತಿನ ಗಡುವು 1.45ರಲ್ಲೇ ನಿಂತಿದೆ.

ಸಿ ಪ್ಲಸ್ ಪ್ಲಸ್ ಆದರೆ ಸಾಕೇ?

ಹಾಗಾದರೆ ಕಸ ಗುಡಿಸದ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದರೆ ಸರಿಹೋಯಿತಲ್ಲ? ಅರ್ಧ ಮಾತ್ರ ಸರಿ. ಅದರಲ್ಲೂ ‘ನ್ಯೂ’ ಎಂದು ಬರೆದು ಹೊಸ ವಸ್ತು ಹುಟ್ಟಿಸಿದರೆ, ಪ್ರೋಗ್ರಾಂ ಮೆಮೊರಿಯ ಉಗ್ರಾಣಕ್ಕೆ ಹೋಗಿ ಜಾಗ ಬೇಡಬೇಕು. ಉಗ್ರಾಣದಲ್ಲಿ ಖಾಲಿ ಜಾಗ ಹುಡುಕಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಯಾರೂ ಮಾತು ಕೊಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಉಗ್ರಾಣಕ್ಕೆ ಬೀಗವಿರಬಹುದು. ಪರದೆಯ ಮೇಲೆ ಚಿತ್ರ ಬಿಡಿಸುವಂಥ ಪ್ರೋಗ್ರಾಮಿನ ಮತ್ತೊಂದು ಭಾಗ ಬೀಗದ ಕೈ ಹಿಡಿದಿದ್ದರೆ ಧ್ವನಿಯ ಭಾಗ ಬಾಗಿಲಲ್ಲಿ ಕಾಯಬೇಕು. ಕೈ ಹಿಡಿದವನನ್ನು ಆಪರೇಟಿಂಗ್ ಸಿಸ್ಟಂ ಮಧ್ಯದಲ್ಲಿ ಬೇರೆ ಯಾವುದೋ ಕೆಲಸಕ್ಕಾಗಿ ಪಕ್ಕಕ್ಕೆ ಸರಿಸಿತೋ, ಮುಗಿಯಿತು ಕಥೆ. ಅತಿ ತುರ್ತಿನವನು ಅತಿ ಸೋಮಾರಿಗಾಗಿ ಕಾಯುತ್ತಾನೆ.

ಅಂದ ಹಾಗೆ, ಇದು ಸಣ್ಣಪುಟ್ಟ ಹುಡುಗರು ಮಾಡುವ ತಪ್ಪೇನಲ್ಲ. 1997ರ ಜುಲೈ 4ರಂದು ಮಂಗಳ ಗ್ರಹದ ಮೇಲೆ ಇಳಿದ ಅಮೆರಿಕದ ಪಾಥ್‌ಫೈಂಡರ್ ನೌಕೆಯ ಕಂಪ್ಯೂಟರ್ ಮತ್ತೆ ಮತ್ತೆ ತಾನಾಗಿ ಹೊಸದಾಗಿ ಚಾಲೂ ಆಗುತ್ತಿದ್ದುದು ಇಂಥದೇ ಬೀಗದ ಕೈ ಜಗಳದಿಂದ. ಭೂಮಿಯಲ್ಲಿ ಕುಳಿತವರು ಕಾರಣ ಪತ್ತೆಹಚ್ಚಿ ಅಲ್ಲಿಂದಲೇ ದುರಸ್ತಿ ಮಾಡಿದರು.

ಇನ್ನೊಂದು ಖರ್ಚು ವಿದ್ಯಾರ್ಥಿಗಳ ಪುಸ್ತಕದಲ್ಲಿ ಬಹಳ ಹೊಗಳಿಕೆಗೆ ಪಾತ್ರವಾದ ‘ವರ್ಚುವಲ್ ಫಂಕ್ಷನ್’ನದು. ವಸ್ತು ಯಾವ ಜಾತಿಯದು ಎಂದು ಕೇಳದೆ ‘ನಿನ್ನ ಮುಂದಿನ ಸ್ಯಾಂಪಲ್ ಕೊಡು’ ಎನ್ನಬಹುದು; ತಂತಿಯೋ ಕೊಳಲೋ, ಅದು ತನಗೆ ತಕ್ಕಂತೆ ಕೊಡುತ್ತದೆ. ಹೀಗೆ ಕೇಳಲು ಹಿಡಿಯುವ ಕಾಲ ಅತ್ಯಲ್ಪ. ಆದರೆ ಲೆಕ್ಕ ಹಾಕಿ ನೋಡಿ: 50 ಸ್ವರಗಳು, ಒಂದೊಂದರಲ್ಲಿ 20 ವಸ್ತುಗಳು. ಒಂದು ಸ್ಯಾಂಪಲ್ಲಿಗೆ ಸಾವಿರ ಕರೆ, ಸೆಕೆಂಡಿಗೆ 4 ಕೋಟಿ 41 ಲಕ್ಷ ಕರೆ! ಅದೇ ವಸ್ತುವಿಗೆ ‘ನಿನ್ನ ಮುಂದಿನ 64 ಸ್ಯಾಂಪಲ್ಲುಗಳನ್ನು ಒಟ್ಟಿಗೇ ಕೊಡು’ ಎಂದರೆ? ಕರೆಗಳ ಸಂಖ್ಯೆ ಸೆಕೆಂಡಿಗೆ ಸುಮಾರು 6 ಲಕ್ಷ 89 ಸಾವಿರಕ್ಕೆ ಇಳಿಯುತ್ತದೆ. ಇಷ್ಟೇ ಅಲ್ಲ, 64 ಅಂಕೆಗಳು ಅಕ್ಕಪಕ್ಕ ಸಾಲಾಗಿ ಇರುವುದರಿಂದ ಇಂದಿನ ಪ್ರೊಸೆಸರು ಒಂದೇ ಏಟಿಗೆ ನಾಲ್ಕೋ ಎಂಟೋ ಅಂಕೆಗಳನ್ನು ಗುಣಿಸಿಬಿಡಬಲ್ಲದು. ಒಂದೊಂದೇ ಕೇಳಿದರೆ ಈ ಚಮತ್ಕಾರಕ್ಕೆ ಅವಕಾಶವೇ ಇಲ್ಲ. ಭಾಷೆ ಅದೇ, ಯಂತ್ರ ಅದೇ, ವಸ್ತುಗಳೂ ಅವೇ. ಕೇಳುವ ರೀತಿ ಬದಲಾಯಿತು.

1996ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ಹೊರತಂದ ವಿಎಸ್‌ಟಿ ಪದ್ಧತಿಯಲ್ಲೂ, ಜೂಲ್ಸ್ ಸ್ಟೋರರ್ 2004ರಲ್ಲಿ ಬಿಡುಗಡೆ ಮಾಡಿದ ಜ್ಯೂಸ್ ಎಂಬ ಸಿ ಪ್ಲಸ್ ಪ್ಲಸ್ ಸಂಗ್ರಹದಲ್ಲೂ ಕ್ರಮ ಇದೇ. ಕಂತಿಗೊಂದು ಕರೆ. ಇದಕ್ಕೆ ಬೆನ್ನು ತಿರುಗಿಸಿದವರೂ ಇದ್ದಾರೆನ್ನಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಗೆ ವಾಂಗ್ ಮತ್ತು ಪೆರಿ ಕುಕ್ ರೂಪಿಸಿದ ಚಕ್ ಭಾಷೆ ಸ್ಯಾಂಪಲ್ ಸ್ಯಾಂಪಲ್ಲಿಗೂ ಲೆಕ್ಕ ಮಾಡುತ್ತದೆ. ಕಾಲವನ್ನು ಕೂದಲೆಳೆಯಷ್ಟೂ ತಪ್ಪದೆ ಹಿಡಿಯಲು ವೇಗವನ್ನು ಬೇಕೆಂದೇ ಬಿಟ್ಟುಕೊಟ್ಟಿರುವ ಭಾಷೆ ಅದು.

ಮನೆಯನ್ನು ಎರಡು ಪಾಲು ಮಾಡಿದ ಮೆಕಾರ್ಟ್ನಿ

ಈ ಇಡೀ ಜಗಳಕ್ಕೆ ಅತ್ಯಂತ ಸ್ವಾರಸ್ಯದ ಪರಿಹಾರ ಕಂಡುಕೊಂಡವರು ಅಮೆರಿಕದ ಜೇಮ್ಸ್ ಮೆಕಾರ್ಟ್ನಿ. ಅವರು 1996ರಲ್ಲಿ ಹೊರತಂದ ‘ಸೂಪರ್‌ಕೊಲೈಡರ್’ ತಂತ್ರಾಂಶದ ಭಾಷೆಗೆ ಸ್ಮಾಲ್‌ಟಾಕ್ ಮಾದರಿ. ಅದರಲ್ಲಿ ಎಲ್ಲವೂ ವಸ್ತುವೇ. ಒಂದು ಅಂಕೆಯೂ ವಸ್ತು, ಒಂದು ರಾಗದ ತುಣುಕೂ ವಸ್ತು. ಕಸವನ್ನೂ ಅದೇ ಗುಡಿಸಿಕೊಳ್ಳುತ್ತದೆ. ಧ್ವನಿಗೆ ಇಂಥ ಭಾಷೆ ಸಲ್ಲದು ಎಂದು ಯಾರಾದರೂ ಹೇಳುವಂಥದ್ದೇ!

ಮೆಕಾರ್ಟ್ನಿ ಮೊದಲು ಮಾಡಿದ್ದು ಕಸ ಗುಡಿಸುವ ರೀತಿಯನ್ನು ಬದಲಿಸಿದ್ದು. ಅಂಗಡಿ ಮುಚ್ಚಿ ಒಮ್ಮೆಲೇ ಗುಡಿಸುವ ಬದಲು, ವ್ಯಾಪಾರದ ನಡುನಡುವೆ ತುಸು ತುಸುವೇ ಗುಡಿಸುವ ಕ್ರಮ. ಮೂರನೆಯ ಆವೃತ್ತಿಯಲ್ಲಿ ಇನ್ನೂ ದೊಡ್ಡ ಹೆಜ್ಜೆ ಇಟ್ಟರು. ತಂತ್ರಾಂಶವನ್ನೇ ಎರಡು ಪ್ರತ್ಯೇಕ ಪ್ರೋಗ್ರಾಮುಗಳಾಗಿ ಸೀಳಿದರು. ಒಂದು ಕಡೆ ಭಾಷೆ, ಇನ್ನೊಂದು ಕಡೆ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಧ್ವನಿಯಂತ್ರ. ಇಬ್ಬರೂ ಮಾತಾಡುವುದು ಓಪನ್ ಸೌಂಡ್ ಕಂಟ್ರೋಲ್ ಎಂಬ ಪುಟ್ಟ ಸಂದೇಶಗಳ ಮೂಲಕ, ಪತ್ರವ್ಯವಹಾರದ ಹಾಗೆ. ಭಾಷೆ ಎಡವಿ ಬಿದ್ದರೂ ಧ್ವನಿ ನಿಲ್ಲುವುದಿಲ್ಲ. 2002ರಲ್ಲಿ ಮೆಕಾರ್ಟ್ನಿ ಇದೆಲ್ಲವನ್ನೂ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು.

ಧ್ವನಿಯಂತ್ರದ ಒಳಗೆ ಇಣುಕಿ ನೋಡಿದರೆ ಪಠ್ಯಪುಸ್ತಕದ ಸೊಗಸೇನೂ ಕಾಣದು. ಚಾಲೂ ಆಗುವಾಗಲೇ ಒಂದು ದೊಡ್ಡ ಮೆಮೊರಿ ತುಂಡನ್ನು, ಸಾಮಾನ್ಯವಾಗಿ 8,192 ಕಿಲೋಬೈಟನ್ನು, ಕೇಳಿ ಪಕ್ಕಕ್ಕಿಟ್ಟುಕೊಳ್ಳುತ್ತದೆ. ಆಮೇಲೆ ಸ್ವರಗಳಿಗೆ ಜಾಗ ಬೇಕಾದಾಗಲೆಲ್ಲ ಅದರಲ್ಲೇ ಹಂಚಿಕೆ. ಉಗ್ರಾಣದ ಕಡೆ ತಲೆ ಹಾಕುವುದಿಲ್ಲ. ಆ ತುಂಡು ಸಾಲದೇ ಹೋದರೆ ‘ಜಾಗವಿಲ್ಲ’ ಎಂದು ನೇರವಾಗಿ ಹೇಳಿ ಆ ಸ್ವರವನ್ನು ಕೈಬಿಡುತ್ತದೆಯೇ ಹೊರತು ಉಳಿದವರನ್ನು ಕಾಯಿಸುವುದಿಲ್ಲ. ಲೆಕ್ಕವೆಲ್ಲ 64ರ ಕಂತಿನಲ್ಲಿ. ಪ್ರತಿ ಘಟಕಕ್ಕೂ ಕಂತಿಗೊಂದೇ ಕರೆ. ನೋಡಲು ಹಳೆಯ ಸಿ ಭಾಷೆಯ ಕೆಲಸದಂತಿದೆ. ಆದರೆ ಯೋಚಿಸುವವನು ಮಹಡಿಯಲ್ಲಿ ವಸ್ತುಗಳ ಜೊತೆ ಹಾಯಾಗಿ ಯೋಚಿಸಲಿ, ಬಡಿಸುವವನು ಕೆಳಗೆ ತಲೆಯೆತ್ತದೆ ಬಡಿಸಲಿ ಎನ್ನುವ ಈ ಪಾಲುಪಟ್ಟಿ ಎಷ್ಟು ಗಟ್ಟಿಯೆಂದರೆ, ಇಂದಿಗೂ ಬೇರೆ ಬೇರೆ ಭಾಷೆಗಳವರು ಬಂದು ಅದೇ ಕೆಳಮನೆಯಲ್ಲಿ ಬಾಡಿಗೆಗೆ ಕೂತಿದ್ದಾರೆ.

ಅಂಥವುಗಳಲ್ಲಿ ಮಕ್ಕಳಿಗೆ ಹತ್ತಿರವಾದದ್ದು ‘ಸೋನಿಕ್ ಪೈ’. ಕೇಂಬ್ರಿಜ್‌ನಲ್ಲಿ ಸ್ಯಾಮ್ ಆರನ್ 2012ರಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಅಗ್ಗದ ಕಂಪ್ಯೂಟರಿಗಾಗಿ, ಶಾಲೆಯ ಪಾಠಕ್ಕೆಂದು ಇದನ್ನು ಶುರುಮಾಡಿದರು. ಬರೆಯುವ ಭಾಷೆ ರೂಬಿ. ಅದೂ ಎಲ್ಲವನ್ನೂ ವಸ್ತುವೆನ್ನುವ, ಕಸ ಗುಡಿಸುವ, ವೇಗಕ್ಕೆ ಹೆಸರಾಗದ ಭಾಷೆ. ಆದರೂ ತಾಳ ತಪ್ಪುವುದಿಲ್ಲ! ಹೇಗೆ? ರೂಬಿ ಧ್ವನಿಯನ್ನು ತಾನು ಮಾಡುವುದೇ ಇಲ್ಲ. ‘ಈ ಸ್ವರವನ್ನು ಇಂಥ ಗಳಿಗೆಗೆ ನುಡಿಸು’ ಎಂದು ಸೂಪರ್‌ಕೊಲೈಡರಿನ ಧ್ವನಿಯಂತ್ರಕ್ಕೆ ಸಾಮಾನ್ಯವಾಗಿ ಅರ್ಧ ಸೆಕೆಂಡು ಮುಂಚೆಯೇ ಚೀಟಿ ಕಳಿಸುತ್ತದೆ. ನಡುವೆ ರೂಬಿ ಹತ್ತಿಪ್ಪತ್ತು ಮಿಲಿಸೆಕೆಂಡ್ ಕಸ ಗುಡಿಸುತ್ತಾ ನಿಂತರೂ ಚೀಟಿ ಆಗಲೇ ತಲುಪಿರುತ್ತದೆ. ಬೆರಳಿನಿಂದ ಆ ಕ್ಷಣ ನುಡಿಸುವವರಿಗೆ ಮಾತ್ರ ಈ ಉಪಾಯ ಸಾಲದು. ಬೆರಳು ಯಾವಾಗ ಬೀಳುತ್ತದೆಂದು ಅರ್ಧ ಸೆಕೆಂಡು ಮುಂಚೆ ಯಾರಿಗೆ ಗೊತ್ತು? ಸೋನಿಕ್ ಪೈ ಇಂದು ಮನೆಯ ಕಂಪ್ಯೂಟರುಗಳಲ್ಲೂ ನಡೆಯುತ್ತದೆ, ದುಡ್ಡು ಕೊಡಬೇಕಿಲ್ಲ. ಪ್ರೌಢಶಾಲೆಯ ಮಕ್ಕಳಿಗೂ ದಕ್ಕುವಂಥದ್ದು.

ಫೋನಿನಲ್ಲೂ ಅದೇ ಪಾಠ

ಆಂಡ್ರಾಯ್ಡ್ ಫೋನುಗಳು ಬಂದ ಮೊದಲ ವರ್ಷಗಳಲ್ಲಿ ಅವುಗಳಲ್ಲಿ ವಾದ್ಯ ನುಡಿಸುವುದು ತ್ರಾಸದ ಕೆಲಸವಾಗಿತ್ತು. ಒತ್ತಿದ್ದು ಈಗ, ಕೇಳಿದ್ದು ಆಮೇಲೆ. ಆಂಡ್ರಾಯ್ಡಿನ ಆ್ಯಪ್‌ಗಳನ್ನು ಬರೆಯುತ್ತಿದ್ದುದು ಜಾವಾದಲ್ಲಿ. ಆದರೆ ಎಲ್ಲ ತಪ್ಪನ್ನೂ ಭಾಷೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೆಳಗಿನ ಧ್ವನಿವ್ಯವಸ್ಥೆಯೇ ನಿಧಾನವಾಗಿತ್ತು. 2010ರ 2.3ನೆಯ ಆವೃತ್ತಿಯಲ್ಲಿ ಸಿ, ಸಿ ಪ್ಲಸ್ ಪ್ಲಸ್‌ನಿಂದ ನೇರವಾಗಿ ಧ್ವನಿ ಮುಟ್ಟುವ ದಾರಿ ತೆರೆಯಿತು. 2017ರ 8ನೆಯ ಆವೃತ್ತಿಯಲ್ಲಿ ಎ-ಆಡಿಯೋ ಬಂತು. ಮರುವರ್ಷ ಇವೆರಡನ್ನೂ ಒಂದೇ ಹೊದಿಕೆಯಲ್ಲಿ ಸುತ್ತಿದ ‘ಓಬೋ’ ಬಂತು. ಆ್ಯಪಲ್‌ನವರ ಸಲಹೆಯೂ ಬೇರೆಯಲ್ಲ. ಪರದೆ, ಗುಂಡಿ ಎಲ್ಲವನ್ನೂ ಆಬ್ಜೆಕ್ಟಿವ್ ಸಿ ಅಥವಾ ಸ್ವಿಫ್ಟ್‌ನಲ್ಲಿ ಬರೆಯಿರಿ, ಧ್ವನಿಯ ಕಂತು ತುಂಬುವ ಜಾಗದಲ್ಲಿ ಮಾತ್ರ ಅವು ಬೇಡ ಎನ್ನುವುದು.

ಓಬೋ ಹಿಂದೆ ದುಡಿದ ಫಿಲ್ ಬರ್ಕ್ ಅವರ ಹಾದಿ ವಿದ್ಯಾರ್ಥಿಗಳು ಗಮನಿಸುವಂಥದ್ದು. 1990ರ ದಶಕದಲ್ಲಿ ಅವರು ಜಾವಾ ಬಳಸುವವರಿಗಾಗಿ ಜೆಸಿನ್ ಎಂಬ ಧ್ವನಿ ತಂತ್ರಾಂಶ ಬರೆದರು. ಮೇಲೆ ಜಾವಾ, ಕೆಳಗೆ ಸಿ. ಮುಂದೆ ಜಾವಾ ಚುರುಕಾದ ಮೇಲೆ ಕೆಳಗಿನ ಸಿ ಭಾಗವನ್ನೂ ತೆಗೆದು ಇಡೀ ಜೆಸಿನ್ ಅನ್ನು ಜಾವಾದಲ್ಲೇ ಬರೆದರು. ಅದು ನಡೆಯುತ್ತದೆ, ಇಂದಿಗೂ ಬಳಕೆಯಲ್ಲಿದೆ! ಜಾವಾದಲ್ಲಿ ಧ್ವನಿ ಸಾಧ್ಯವೇ ಇಲ್ಲ ಎನ್ನುವವರಿಗೆ ಇದು ಉತ್ತರ. ಗುಡಿಸುವ ವಿಧಾನಗಳೂ ಸುಧಾರಿಸಿವೆ. ಜಾವಾದ ಝಡ್‌ಜಿಸಿ ಎಂಬ ಹೊಸ ವಿಧಾನ 2020ರಲ್ಲಿ ಬಳಕೆಗೆ ಸಿದ್ಧವಾಯಿತು. ನಿಲುಗಡೆಯನ್ನು ಒಂದು ಮಿಲಿಸೆಕೆಂಡಿಗಿಂತ ಕೆಳಗಿಡುವುದು ಅದರ ಗುರಿ. ಹಾಗಿದ್ದೂ ಫೋನಿನಲ್ಲಿ ಬೆರಳಿಗೆ ತಕ್ಷಣ ಮರುನುಡಿಯುವ ಧ್ವನಿ ಬೇಕೆಂದಾಗ ಬರ್ಕ್ ಅವರೇ ದುಡಿದದ್ದು ಸಿ ಪ್ಲಸ್ ಪ್ಲಸ್‌ನಲ್ಲಿ.

‘ಮಗಳಿಗೆ ಯಾವ ಭಾಷೆ ಕಲಿಸಲಿ?’ ಎಂದು ಕಂಪ್ಯೂಟರ್ ಕ್ಲಾಸಿನ ಬಾಗಿಲಲ್ಲಿ ನಿಂತು ಕೇಳುವ ತಂದೆತಾಯಂದಿರಿಗೆ ಇದರಿಂದ ಒಂದೇ ಮಾತಿನ ಉತ್ತರ ಸಿಗದೆ ಬೇಸರವಾದೀತು. ಒಳ್ಳೆಯ ಧ್ವನಿ ತಂತ್ರಾಂಶ ಬರೆದವರೆಲ್ಲ ಎರಡು ಮೂರು ಭಾಷೆ ಬಲ್ಲವರೇ. ಯಾವ ಸಾಲಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ಯಾವ ಸಾಲು ಯಾರ ಬಾಗಿಲಲ್ಲಿ ಕಾಯುತ್ತದೆ ಎನ್ನುವುದು ಮಾತ್ರ ಕ್ಲಾಸಿನ ಜಾಹೀರಾತಿನಲ್ಲಿ ಇರುವುದಿಲ್ಲ. ಅದನ್ನು ಅಳೆದೇ ಕಲಿಯಬೇಕು.

ಮತ್ತೆ ಆ ಹುಡುಗನ ಕೋಣೆಗೆ ಬಂದರೆ, ಅವನು ಮಾಡಬೇಕಾದ ತಿದ್ದುಪಡಿ ಒಂದು ಸಂಜೆಯ ಕೆಲಸ. ಕೀ ಒತ್ತಿದಾಗಲೆಲ್ಲ ಹೊಸ ಸ್ವರವಸ್ತು ಹುಟ್ಟಿಸುವ ಬದಲು 32 ಸ್ವರಗಳನ್ನು ಮೊದಲೇ ಮಾಡಿಟ್ಟುಕೊಂಡು ಸರದಿಯಂತೆ ಎಬ್ಬಿಸುವುದು. ಒಂದೊಂದು ಸ್ಯಾಂಪಲ್ಲಿನ ಬದಲು ಕಂತು ಕಂತಾಗಿ ತುಂಬುವುದು. ಮುಖ್ಯವಾಗಿ, ಪ್ರೋಗ್ರಾಂ ಸರಿಯಾಗಿ ನಡೆಯುತ್ತಿದೆಯೇ ನೋಡಲೆಂದು ಧ್ವನಿಯ ಭಾಗದ ನಟ್ಟನಡುವೆ ಪರದೆಗೆ ಅಕ್ಷರ ಮುದ್ರಿಸುವ ಒಂದು ಸಾಲು ಬರೆದು, ಆಮೇಲೆ ಮರೆತೇಬಿಟ್ಟಿದ್ದಾನಲ್ಲ, ಅದನ್ನು ಅಳಿಸುವುದು. ಎಷ್ಟೋ ಸಲ ಪಟಪಟಕ್ಕೆ ಕಾರಣ ಆ ಸಾಲೊಂದೇ.

ಇಷ್ಟಾದ ಮೇಲೆ ಹಳೆಯ ಕಂಪ್ಯೂಟರಿನಲ್ಲೇ ಎರಡೂ ಕೈ ಇಟ್ಟು ನುಡಿಸಬಹುದಿತ್ತು. ಅದನ್ನು ಆಗಲೇ ತಂಗಿಗೆ ಕೊಟ್ಟಾಗಿದೆ. ಅವಳು ಅದರಲ್ಲಿ ಸೋನಿಕ್ ಪೈ ಹಾಕಿಕೊಂಡಿದ್ದಾಳೆ.